ಉಣ್ಣದ ನಾಯಿ

“ಬೆಳಗ್ಗಿಂದ ಅದಕೆ ಏನೂ ಆಕ್ಬ್ಯಾಡಿ ಕಣಮ್ಮ. ಬರೀ ಒಟ್ಟೇಲಿ ಕರ್ಕಂಡೋದ್ರೆ ಕಾರಲ್ಲಿ ಸುಖವಾಗಿ ಮನೀಕತದೆ. ಬೇಕಾರೆ ಒಂದ್ ಗುಟುಕು ನೀರು, ಅಷ್ಟೇಯ” ಎಂದು ಪಶು ಆಸ್ಪತ್ರೆಯ ಕೆಂಪನಂಜಪ್ಪ ನಿನ್ನೆ ಹೇಳಿದ್ದ. ಹೇಳುವವರಿಗೇನು, ಹೇಳಿ ಮುಂದಿನ ಹಸುವಿನ ಕಡೆ ತಿರುಗಿಕೊಂಡುಬಿಡುತ್ತಾರೆ. ಈಗ ಅಡುಗೆಮನೆಯ ಬಾಗಿಲಲ್ಲಿ ಮುಂಗಾಲ ಮೇಲೆ ಮೂತಿಯಿಟ್ಟು ಮಲಗಿ, ಶಿವರತ್ನಮ್ಮ ತಟ್ಟೆ ಎತ್ತಿದರೆ ತಟ್ಟೆಯ ಕಡೆ, ಮೊಸರಿನ ಗಡಿಗೆ ಮುಟ್ಟಿದರೆ ಗಡಿಗೆಯ ಕಡೆ ಕಣ್ಣು ಹೊರಳಿಸುತ್ತಿದ್ದ ಕೆಂಚನ ಎದುರಿಗೆ ಕೂತು ಆ ಮಾತನ್ನು ನಡೆಸಬೇಕಾದವಳು ಅವಳು. ಹಾಗೆ ನೋಡಿದರೆ ಹೋಗಬೇಕಾದ ದೂರವೇನೂ ಕಾಶಿಯಲ್ಲ. ಕೊಳ್ಳೇಗಾಲದಿಂದ ಯಳಂದೂರು ದಾಟಿ ತಂಗಿಯ ಊರು ಹೊನ್ನೂರು, ಎಮ್ಮೆ ದನ ಅಡ್ಡ ಬಂದರೂ ಗಂಟೆಯೊಳಗಿನ ದಾರಿ. ಆದರೂ ಒಂದು ವಾರದಿಂದ ಮನೆಯಲ್ಲಿ ಮದುವೆಗೆ ಹೊರಟಷ್ಟು ಗಲಾಟೆ. ಕೆಂಚ ಮಲಗಲು ಅವಳದೇ ಹಳೆಯ ನೂಲಿನ ಸೀರೆ, ಒಗೆಯದೇ ಇದ್ದದ್ದು, ಮನೆಯ ವಾಸನೆ ಇರಲಿ ಎಂದು. ನೀರಿಗೆ ಅದರದೇ ಅಲ್ಯುಮಿನಿಯಂ ಬಟ್ಟಲು, ಬೇರೆಯದಾದರೆ ಅದು ಕುಡಿಯುವುದಿಲ್ಲ. ಹಳೆ ಪೇಪರು, ಎರಡು ಟವೆಲು, ಹಗ್ಗ, ಹಗ್ಗ ಕತ್ತು ಉಜ್ಜದಂತೆ ಸುತ್ತಲು ಮೆತ್ತನೆ ಬಟ್ಟೆ. ಇದನ್ನೆಲ್ಲ ಚೀಲಕ್ಕೆ ತುಂಬುವಾಗ, ತನಗಾಗಿ ತಾನು ಎಂದಾದರೂ ಇಷ್ಟು ಜೋಪಾನದಿಂದ ಚೀಲ ತುಂಬಿಕೊಂಡಿದ್ದೇನೆಯೇ ಎಂದು ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಬೇಜಾರೂ ಆಯಿತು.

ಬಸ್ಸಿನಲ್ಲಿ ನಾಯಿ ಹತ್ತಿಸುವುದಿಲ್ಲ. ಆಟೋ ಸದ್ದಿಗೆ ಕೆಂಚ ನಡುಗುತ್ತದೆ. ಅದಕ್ಕೇ ಎದುರುಮನೆಯ ಮಾದಸ್ವಾಮಿಯ ಬಾಡಿಗೆ ಕಾರು. ವಾರದಿಂದ ಸಂಜೆ ಸಂಜೆ ಅವನು ಬಾಡಿಗೆ ಮುಗಿಸಿ ಬಂದು ಕಾರು ನಿಲ್ಲಿಸುವುದನ್ನೇ ಕಾದಿದ್ದು, ಶಿವರತ್ನಮ್ಮ ಕೆಂಚನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿ ತಾನೂ ಪಕ್ಕದಲ್ಲಿ ಕೂತಿರುತ್ತಿದ್ದಳು. ಮೊದಲ ದಿನ ಬಾಗಿಲು ತೆಗೆದು, ಆಮೇಲೆ ಬಾಗಿಲು ಹಾಕಿ, ಆಮೇಲೆ ಇಂಜಿನ್ ಹಾಕಿಸಿ, ಮೊನ್ನೆ ಬಸ್‌ಸ್ಟ್ಯಾಂಡಿನವರೆಗೆ ಒಂದು ಸುತ್ತು. ನಿಂತ ಕಾರಿನಲ್ಲಿ ಒಬ್ಬ ವಿಧವೆಯೂ ಒಂದು ಮುದಿ ನಾಯಿಯೂ ಎದುರಿನ ಗಾಜನ್ನೇ ನೋಡುತ್ತ ಗಂಭೀರವಾಗಿ ಕೂತಿರುವುದನ್ನು ಕಂಡು ಬೀದಿಯವರಿಗೆ ಹಬ್ಬವಾಯಿತು. “ಏನ್ ರತ್ನಮ್ಮ, ನಾಯ್ಗೆ ಡ್ರೈವಿಂಗ್ ಕಲುಸ್ತಾ ಇದ್ದೀಯಾ?” ಎಂದು ಮಗ್ಗದ ಮನೆಯ ಮಲ್ಲಿಕಾರ್ಜುನಸ್ವಾಮಿ ಕಿಟಕಿಯಿಂದಲೇ ಕೂಗಿದ. “ಊಂ ಕಣಪ್ಪ, ಲೈಸೆನ್ಸ್ ಬಂದ್ಮೇಲೆ ನಿನ್ನೇ ಫಸ್ಟು ಕೂರಿಸ್ಕಂಡೋಯ್ತದೆ” ಎಂದು ಅವಳೂ ಕೊಟ್ಟಳು. ಬಾಯಿ ಹಾಗೆ ಹೇಳುತ್ತಿದ್ದರೂ ಕೈ ಕೆಂಚನ ಕತ್ತಿನ ಮಡಿಕೆಯಲ್ಲೇ ಇತ್ತು. ಈ ಕತ್ತು, ಈ ಬೆಚ್ಚಗಿನ ಮಡಿಕೆ, ಮುಂದಿನ ವಾರ ಈ ಹೊತ್ತಿಗೆ ಹೊನ್ನೂರಿನಲ್ಲಿ ಇರುತ್ತದೆ. ಆಮೇಲೆ ಇನ್ನೂ ದೂರ, ಆಶಾಳ ಗಂಡನ ಮನೆಗೆ. ತಾನು ಒಬ್ಬಳೇ ಈ ಸೀಟಿನಲ್ಲಿ ವಾಪಸ್ ಬರುತ್ತೇನೆ. ಅದಕ್ಕೆ ಮಾತ್ರ ಅವಳು ಯಾವ ಅಭ್ಯಾಸವನ್ನೂ ಮಾಡಿಕೊಂಡಿರಲಿಲ್ಲ.

ಇದಕ್ಕೆಲ್ಲ ಕಾರಣ ಅವಳೇ, ಅವಳ ಬಾಯೇ. ಆಶಾರಾಣಿಗೆ ಗಂಡು ಮಗುವಾಗಿ ತಿಂಗಳು ತುಂಬಿತ್ತು. ಆಶಾ ಅವಳ ತಂಗಿ ಪ್ರೇಮಾಳ ಮಗಳು, ಆದರೆ ಮಾತು ಕಲಿಯುವ ಮೊದಲಿಂದ ಹನ್ನೆರಡರ ತನಕ ಬೆಳೆದದ್ದು ಈ ಮನೆಯಲ್ಲಿ, ಶಿವರತ್ನಮ್ಮನ ಮಡಿಲಲ್ಲಿ. ಹೆರಿಗೆಯಾದದ್ದು ತಿಳಿದದ್ದು ಎರಡು ದಿನ ತಡವಾಗಿ. ಪುರುಡು ಕಳೆಯಲಿ, ಕರೆಯುತ್ತಾರೆ ಎಂದು ಕಾದಳು. ಪುರುಡು ಕಳೆಯಿತು. ತೊಟ್ಟಿಲಿಗೆ ಹಾಕಿದ್ದನ್ನು ತಂಗಿಯ ಗಂಡ ಶಿವರಾಜುವಿನ ಸ್ಟೇಟಸ್ಸಿನಲ್ಲಿ ನೋಡಿದಳು. ಶಾಮಿಯಾನದ ಕೆಳಗೆ ಊರಿಗೆ ಊರೇ ಕೂತು ಉಣ್ಣುತ್ತಿತ್ತು. ಪ್ರೇಮಾ ಆಮೇಲೆ ಫೋನು ಮಾಡಿ, “ಬೇಗ್ ಬೇಗ್ ಮಾಡ್ಬುಟ್ವಿ ಕಣಕ್ಕ, ಯಾರ್ನೂ ಕರೀನಿಲ್ಲ. ನೀ ಯಾವಾಗ್ಲಾರ ಬಾ” ಎಂದಳು. ಯಾವಾಗಲಾದರೂ ಎನ್ನುವ ದಿನ ಯಾವ ಕ್ಯಾಲೆಂಡರಿನಲ್ಲೂ ಇರುವುದಿಲ್ಲ. ಅರ್ಧ ಗಂಟೆಗೊಂದು ಬಸ್ಸಿದೆ, ಹತ್ತಿ ಕೂತರೆ ಆಯಿತು. ಆದರೆ ಕರೆಯದ ಮನೆಗೆ ಯಾವ ಮುಖ ಹೊತ್ತುಕೊಂಡು ಹೋಗುವುದು? ಹೀಗಿರುವಾಗ ಒಂದು ಮಧ್ಯಾಹ್ನ, ರೇಷ್ಮೆ ಸೀರೆಯ ಸೆರಗನ್ನು ತೊಡೆಯ ಮೇಲೆ ಹರಡಿಕೊಂಡು ಕುಚ್ಚು ಕಟ್ಟುತ್ತಿದ್ದಾಗ ಆಶಾ ತಾನಾಗಿ ಫೋನು ಮಾಡಿದಳು. ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ, ಮೊಗ ಮನೀಕಂಡದಾ, ಊಂ ಮನೀಕಂಡದೆ. ಮಾತು ಅಲ್ಲಿಗೆ ಮುಗಿದುಹೋಯಿತು. ಹುಡುಗಿ ಇನ್ನೇನು ಇಡುತ್ತಾಳೆ ಎನ್ನುವಾಗ, “ಕೆಂಚ ಎಂಗದೆ ದೊಡ್ಡವ್ವ?” ಎಂದಳು. ಕೆಂಚ ಆಗ ತಾನೇ ಎರಡು ಮುದ್ದೆ ನುಂಗಿ ಬಾಗಿಲಲ್ಲಿ ಗೊರಕೆ ಹೊಡೆಯುತ್ತಿತ್ತು. ಶಿವರತ್ನಮ್ಮನ ಬಾಯಿಂದ ಬಂದದ್ದು, “ಉಣ್ತಾ ಇಲ್ಲ ಕಣವ್ವ. ಊಟ ಇಕ್ಕುದ್ರೆ ಮೂಸಿ ನೋಡ್ಬುಟ್ಟು ಬಾಗ್ಲ ತಾವ್ಲೇ ನೋಡ್ತಾ ಕೂತ್ಕತದೆ. ನಿನ್ನೇ ನೆನಸ್ಕತದೋ ಏನೋ.” ಆ ಕಡೆಯಿಂದ ಮೂಗು ಎಳೆದ ಸದ್ದು. “ಇಲ್ಗೆ ಕರ್ಕಂಡ್ ಬಂದ್ಬುಡು ದೊಡ್ಡವ್ವ. ನಾನಿರೋಗಂಟ ಇಲ್ಲೇ ಇರ್ಲಿ. ಓಗುವಾಗ ನಾನೇ ಕರ್ಕಂಡೋಯ್ತೀನಿ. ಅಲ್ಲಿ ತೋಟ ಅದೆ.” ಹೋಗಲು ಒಂದು ನೆಪ ಸಿಕ್ಕಿತು ಎಂದು ಹಿಗ್ಗಿ ಫೋನು ಇಟ್ಟವಳಿಗೆ, ಆ ನೆಪಕ್ಕೆ ನಾಲ್ಕು ಕಾಲಿದೆ, ಅದನ್ನು ಅಲ್ಲೇ ಬಿಟ್ಟು ಬರಬೇಕು ಎನ್ನುವುದು ಹೊಳೆದದ್ದು ಇನ್ನೆರಡು ಕುಚ್ಚು ಕಟ್ಟಿದ ಮೇಲೆ.

ಅವಳು ಪೂರ್ತಿ ಸುಳ್ಳು ಹೇಳಿರಲಿಲ್ಲ. ಉಣ್ಣದೆ ಬಾಗಿಲು ನೋಡುತ್ತ ಕೂರುವ ಜೀವ ಒಂದು ಆ ಮನೆಯಲ್ಲಿ ಇದ್ದೇ ಇತ್ತು. ಮಗು ಹುಟ್ಟಿದ ಸುದ್ದಿ ಬಂದಂದಿನಿಂದ ಅನ್ನ ಕಲಸಿದರೆ ಗಂಟಲಲ್ಲಿ ಇಳಿಯುವುದಿಲ್ಲ. ತಟ್ಟೆಯ ಮುಂದೆ ಕೂತು ಅರ್ಧ ತುತ್ತಿನಲ್ಲಿ ಏಳುವುದು, ಉಳಿದದ್ದನ್ನು ಕೆಂಚನ ಬಟ್ಟಲಿಗೆ ಸುರಿಯುವುದು. ಹೀಗಾಗಿ ನಾಯಿ ಇಬ್ಬರ ಊಟ ಉಂಡು ಬಲೂನಿನಂತೆ ಊದಿಕೊಂಡಿತು, ಅವಳು ಕರಗುತ್ತ ಬಂದಳು. ಈಗ ಪೆಟ್ಟಿಗೆಯಿಂದ ತೆಗೆದ ಹಸಿರು ರವಿಕೆ ಆಶಾಳ ಮದುವೆಗೆಂದು ಹೊಲಿಸಿದ್ದು. ಆಗ ಬಿಗಿಯಾಗಿತ್ತು. ಈಗ ತೋಳಲ್ಲಿ ಇನ್ನೊಂದು ತೋಳು ಹೋಗುವಷ್ಟು ಸಡಿಲ. ಬೆನ್ನಿಗೆ ಒಂದು, ಭುಜಕ್ಕೊಂದು ಪಿನ್ನು ಹಾಕಿ ಸೆರಗು ಹೊದ್ದು ಮುಚ್ಚಿದಳು. ಕನ್ನಡಿಯಲ್ಲಿ ಕಂಡದ್ದನ್ನು ನೋಡಿ, ನೀನು ಹೋಗಿ ನಿಂತರೆ ಅವರೇನು ಅಂದುಕೊಂಡಾರು, ನಾಯಿ ಉಣ್ಣುವುದಿಲ್ಲ ಎಂದು ದೂರು ಹೇಳಿದವಳು ಕರೆತಂದದ್ದು ಇಂಥ ಗುಡಾಣದಂಥ ನಾಯಿಯನ್ನೇ ಎಂದು ನಕ್ಕಾರು, ಎನ್ನಿಸಿತು. ನಕ್ಕರೆ ನಗಲಿ. ನಗುವುದಕ್ಕಾದರೂ ಹುಡುಗಿ ಹೊರಗೆ ಬರಲಿ. ಅವಳು ನಕ್ಕರೆ ಎಡಗೆನ್ನೆ ಮಾತ್ರ ಗುಳಿಬೀಳುತ್ತದೆ. ಊಟಕ್ಕೆ ಕೂತರೆ ಆ ಕೆನ್ನೆಯಲ್ಲೇ ಅನ್ನ ಒತ್ತರಿಸಿಟ್ಟುಕೊಂಡು ನುಂಗದೆ ಸತಾಯಿಸುತ್ತಿದ್ದಳು. ಶಿವರತ್ನಮ್ಮ ಎದುರಿಗೆ ಚಕ್ಕಂಬಕ್ಕಲ ಹಾಕಿಕೊಂಡು ಕೂರುತ್ತಿದ್ದಳು. “ತಟ್ಟೆ ತಳ ಕಾಣೋಗಂಟ ನಾನ್ ಏಳಾಕಿಲ್ಲ ಕಣವ್ವ. ಕುಚ್ಚು ಕಟ್ಟಾದು ಅಂಗೇ ಬಿದ್ದಿರ್ಲಿ, ಸೀರೆಯವ್ರು ಬಂದು ಬಯ್ಲಿ.” ಹುಡುಗಿ ಕೊನೆಗೆ ನುಂಗುತ್ತಿದ್ದಳು. ನುಂಗಿ ಬಾಯಿ ಆ ಎಂದು ತೆರೆದು ತೋರಿಸುತ್ತಿದ್ದಳು. ಅವಳು ಈ ಮನೆಯಲ್ಲಿ ಉಣ್ಣದೆ ಎದ್ದದ್ದು ಒಂದೇ ಒಂದು ದಿನ.

ಅದು ಅವಳು ದೊಡ್ಡವಳಾದ ದಿನ. ಬೆಳಗ್ಗೆ ಸ್ಕೂಲಿಗೆ ಹೊರಟವಳು ಬಚ್ಚಲುಮನೆಯಿಂದ ಅಳುತ್ತ ಬಂದಳು. ಹೇಳಿ ಕಳಿಸಬೇಕಾದದ್ದು ಧರ್ಮ, ಕಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಶಿವರಾಜು ಟೆಂಪೋ ಮಾಡಿಕೊಂಡು ಬಂದೇಬಿಟ್ಟ, ಜೊತೆಗೆ ಪ್ರೇಮಾ. ಹೆಣ್ಣು ದೊಡ್ಡವಳಾದರೆ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕಬೇಕು, ಹೆತ್ತ ಮನೆಯಲ್ಲೇ ಆಗಬೇಕು. ಅದಕ್ಕೆ ಶಿವರತ್ನಮ್ಮ ಎದುರು ಹೇಳಲಿಲ್ಲ, ಯಾರೂ ಹೇಳುವುದಿಲ್ಲ. ಆರತಿ ಮುಗಿಸಿ ಕಳಿಸುತ್ತಾರೆ ಅಂದುಕೊಂಡಳು. ತಟ್ಟೆಗೆ ಅನ್ನ ಬಡಿಸಿ, ಮೇಲೆ ಅವರೆಕಾಳು ಸಾರು ಹಾಕಿ ಇಟ್ಟಿದ್ದಳು. “ಒತ್ತಾಯ್ತದೆ ಕಣಕ್ಕ, ಅಲ್ಲೇ ಉಣ್ತಾಳೆ ಬುಡು” ಎಂದಳು ಪ್ರೇಮಾ. ಹುಡುಗಿ ತಟ್ಟೆ ನೋಡಿದಳು, ಇವಳ ಮುಖ ನೋಡಿದಳು, ಟೆಂಪೋ ಹತ್ತಿದಳು. ಆರು ತಿಂಗಳ ಮರಿ ಕೆಂಚ ಟೆಂಪೋ ಹಿಂದೆ ಓಡಿ, ಬಸ್‌ಸ್ಟ್ಯಾಂಡಿನ ಹತ್ತಿರ ಎಲ್ಲೋ ದಾರಿ ತಪ್ಪಿಸಿಕೊಂಡು ಸಂಜೆಗೆ ಕುಂಟುತ್ತ ಬಂತು. ಅದನ್ನು ಮೊದಲು ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದೆ ಸಿಕ್ಕಿತು ಎಂದು ಲಂಗದಲ್ಲಿ ಸುತ್ತಿಕೊಂಡು ತಂದವಳೂ ಆಶಾಳೇ. ಹೊನ್ನೂರಿನ ಆರತಿಯಲ್ಲಿ ಶಿವರತ್ನಮ್ಮ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಅವಳ ಗಂಡ ನಂಜಯ್ಯ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಗಂಡ ಇಲ್ಲದವಳ ಕೈಯಲ್ಲಿ ಆರತಿ ಎತ್ತಿಸುವುದಿಲ್ಲ. ಮುಗಿದ ಮೇಲೆ ಪ್ರೇಮಾ ಹತ್ತಿರ ಬಂದು, ಬೇರೆ ಕಡೆ ನೋಡುತ್ತ, “ಗಂಡಸಿಲ್ದಿರೋ ಮನೇಲಿ ದೊಡ್ಡ್ ಉಡ್ಗೀನ ಎಂಗಕ್ಕ ಬುಡಾದು” ಎಂದಳು. ಕೆಟ್ಟದಾಗಿ ಹೇಳಲಿಲ್ಲ. ಅವಳ ಕಣ್ಣಲ್ಲೂ ನೀರಿತ್ತು. ಎರಡನೆಯ ಕೂಸು ಕಾಯಿಲೆ ಬಿದ್ದಾಗ ಮೊದಲನೆಯದನ್ನು ತಂದು ಮಡಿಲಿಗೆ ಹಾಕಿದವಳೂ ಅವಳೇ ಅಲ್ಲವೇ? ಕೊಟ್ಟವಳು ತೆಗೆದುಕೊಂಡಳು. ಮನೆಗೆ ಬಂದು ನೋಡಿದರೆ ಆ ತಟ್ಟೆ ಮುಚ್ಚಿಟ್ಟಲ್ಲೇ ಇತ್ತು. ಅನ್ನ ಹಳಸಿ ವಾಸನೆ ಬಂದಿತ್ತು. ಅದನ್ನು ಹೊರಗೆ ಚೆಲ್ಲಲು ಅವಳಿಗೆ ಎರಡು ದಿನ ಬೇಕಾಯಿತು. ಈಗ ಅದೇ ಅಡುಗೆಮನೆಯಲ್ಲಿ ಕೆಂಚ ಎದ್ದು ಕೂತು, ಮುಂಗಾಲನ್ನು ಅವಳ ಮಂಡಿಯ ಮೇಲೆ ಇಟ್ಟು, ಒಂದು ಸಲ ಸಣ್ಣಗೆ ಕುಂಯ್ ಎಂದಿತು. ಬರೀ ಹೊಟ್ಟೆಯಲ್ಲಂತೆ. ಈ ಮನೆಯಿಂದ ಇನ್ನೊಂದು ಜೀವ ಬರೀ ಹೊಟ್ಟೆಯಲ್ಲಿ ಹೊರಡುವುದೇ? ಒಂದು ಹಿಡಿ ಅಷ್ಟೇ ಎಂದು ಮೊಸರನ್ನ ಕಲಸಿದಳು. ಹಿಡಿ ಮುಗಿಯಿತು. ಇನ್ನೊಂದು ಹಿಡಿ ಹಾಕಿದಳು. ಆಮೇಲೆ ಎಣಿಸಲಿಲ್ಲ. ಕೆಂಚ ಬಟ್ಟಲನ್ನು ಗೋಡೆಯವರೆಗೆ ನೆಕ್ಕುತ್ತ ತಳ್ಳಿಕೊಂಡು ಹೋಯಿತು.

ಮಾದಸ್ವಾಮಿ ಬಾಗಿಲಲ್ಲಿ ಹಾರನ್ ಮಾಡಿದ. ವಾಂತಿ ಬಾರದಿರಲಿ ಎಂದು ಶಿವರತ್ನಮ್ಮ ನಿಂಬೆಹಣ್ಣನ್ನು ಉಗುರಲ್ಲಿ ಗೀರಿ ಕೆಂಚನ ಮೂಗಿಗೆ ಹಿಡಿದಳು. ಅದು ಮುಖ ಕಿವುಚಿ ಒಂದು ಸಲ ಸೀನಿತು. ಒಂದೇ ಸಲ. ಹೊರಡುವ ಹೊತ್ತಿಗೆ ಒಂಟಿ ಸೀನು. ಅವಳು ಅಲ್ಲೇ ನಿಂತಳು. “ಬಾಕ್ಕ, ಒತ್ತಾಗದೆ” ಎಂದ ಮಾದಸ್ವಾಮಿ. “ಇರಪ್ಪ, ಇನ್ನೊಂದ್ ಸೀನ್ಲಿ.” ಮತ್ತೆ ನಿಂಬೆಹಣ್ಣು ಹಿಡಿದಳು. ಕೆಂಚ ಈ ಸಲ ಹುಷಾರಾಗಿ ಮುಖ ತಿರುಗಿಸಿತು. ಮತ್ತೆ ಹಿಡಿದಳು. “ನಾಯ್ ಸೀನಿದ್ದ್ಕೂ ಶಕುನ ನೋಡ್ತಾರೇನಕ್ಕ?” “ಯಾಕ್ ನೋಡ್ಬಾರ್ದು, ಅದ್ಕೇನ್ ಮೂಗಿಲ್ವಾ?” ಎಂದವಳಿಗೆ, ಹಾದಿಗೆ ಎದುರಾದರೆ ಜನ ತಿರುಗಿ ಮನೆಗೆ ಹೋಗುವಂಥ ವಿಧವೆ ತಾನು, ಇಲ್ಲಿ ನಿಂತು ನಾಯಿಯ ಸೀನು ಲೆಕ್ಕ ಹಾಕುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಒಳಗೆ ಹೋಗಿ ಒಂದು ಲೋಟ ನೀರು ಕುಡಿದು, ಐದು ನಿಮಿಷ ಕೂತು, ಎದ್ದು ಬಂದಳು. ಬೀಗ ಹಾಕುವಾಗ ಬಾಗಿಲ ಪಕ್ಕದ ಗೋಡೆಯಲ್ಲಿ ಕೆಂಚ ದಿನವೂ ಒರಗಿ ಒರಗಿ ಮಾಸಿದ ಗುರುತು ಕಂಡಿತು. ಸುಣ್ಣ ಹೊಡೆಸಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದಳು. ಸದ್ಯ ಹೊಡೆಸಿರಲಿಲ್ಲ.

ಊರು ದಾಟುವ ತನಕ ಎಲ್ಲ ಸರಿಯಾಗಿತ್ತು. ಕೆಂಚ ಸೀರೆಯ ಮೇಲೆ ಮಲಗಿ, ತಲೆಯನ್ನು ಅವಳ ತೊಡೆಯ ಮೇಲಿಟ್ಟು, ಸೀಟಿನ ನಡುಕಕ್ಕೆ ಕಿವಿ ಅಲುಗಿಸುತ್ತಿತ್ತು. ಅರ್ಧ ಇಳಿಸಿದ ಕಿಟಕಿಯಿಂದ ಗದ್ದೆಯ ಗಾಳಿ. ಕಬ್ಬಿನ ಟ್ರ್ಯಾಕ್ಟರ್ ಒಂದರ ಹಿಂದೆ ಮಾದಸ್ವಾಮಿ ನಿಧಾನ ಮಾಡಿದ. ಎಷ್ಟು ಸುಖವಾಗಿದೆ, ಹೀಗೇ ಹೋಗುತ್ತಾ ಇರಬಹುದು, ಹೊನ್ನೂರು ಬಾರದೇ ಇದ್ದರೂ ಆದೀತು ಎಂದು ಅವಳಿಗೆ ಎನ್ನಿಸುವ ಹೊತ್ತಿಗೇ ಕೆಂಚ ಎದ್ದು ನಿಂತಿತು. ಬಾಯಂಚಲ್ಲಿ ಜೊಲ್ಲು. ಹೊಟ್ಟೆ ಒಳಗೆಳೆದುಕೊಂಡು ಒಂದು ಸಲ, ಎರಡು ಸಲ. ಚೀಲದಲ್ಲಿ ಟವೆಲಿತ್ತು, ಪೇಪರಿತ್ತು. ಅವಳ ಕೈ ಅದಾವುದಕ್ಕೂ ಹೋಗಲಿಲ್ಲ. ಎರಡೂ ಅಂಗೈ ಜೋಡಿಸಿ ಅದರ ಬಾಯಿಯ ಕೆಳಗೆ ಒಡ್ಡಿದಳು. ಮೊಸರನ್ನ ಬೆಚ್ಚಗೆ ಕೈತುಂಬ ಬಂದು ಬಿತ್ತು, ತುಂಬಿ ಮೊಣಕೈಗೆ ಇಳಿಯಿತು. ಎಷ್ಟೋ ವರ್ಷದ ಹಿಂದೆ ಒಂದು ದಿನ ಬೆಟ್ಟದ ಬಸ್ಸು ಹನೂರು ಬಿಟ್ಟು ತಿರುವುಗಳಲ್ಲಿ ವಾಲುತ್ತಿತ್ತು, ನಂಜಯ್ಯ ಸೀಟು ಸಿಗದೆ ಕಂಬಿ ಹಿಡಿದು ನಿಂತಿದ್ದ, ನಾಲ್ಕು ವರ್ಷದ ಆಶಾ ಮಡಿಲಲ್ಲಿ ಬಿಳುಚಿಕೊಂಡು “ಅವ್ವಾ” ಎಂದಳು. ಆಗ ಅವಳು ಅವ್ವಾ ಎಂದೇ ಕರೆಯುತ್ತಿದ್ದಳು. ಆಗಲೂ ಶಿವರತ್ನಮ್ಮ ಹೀಗೇ ಕೈ ಒಡ್ಡಿದ್ದಳು. ಪಕ್ಕದ ಸೀಟಿನ ಹೆಂಗಸು ಮೂಗು ಮುಚ್ಚಿಕೊಂಡು, “ಥೂ, ಕಿಟಕೀಲಿ ಕಕ್ಸಬಾರ್ದಾ?” ಎಂದಿದ್ದಳು. ಅಸಹ್ಯವೇ ಆಗಿರಲಿಲ್ಲ ಶಿವರತ್ನಮ್ಮನಿಗೆ. ನನ್ನ ಮಗು, ನನ್ನ ಕೈ ಎಂಬ ಒಂದು ಜಂಬ ಅಷ್ಟು ಜನರ ನಡುವೆ ಎದೆ ತುಂಬಿ ಬಂದಿತ್ತು. “ಅಯ್ಯೋ ಅಕ್ಕ! ಮೊನ್ನೆ ತಾನೆ ಸೀಟ್ ಕವರ್ ಆಕ್ಸಿದ್ದು ಕಣಕ್ಕ!” ಎಂದು ಮಾದಸ್ವಾಮಿ ಕಿರುಚಿಕೊಂಡು ಕಾರನ್ನು ರಸ್ತೆಯ ಅಂಚಿಗೆ ಎಳೆದ.

ಅಗರದ ಹತ್ತಿರ ರಸ್ತೆ ಬದಿಯ ನಲ್ಲಿಯಲ್ಲಿ ನೀರು ಬರುತ್ತಿತ್ತು. ಕೈ ತೊಳೆದಳು, ಕೆಂಚನ ಮೂತಿ ತೊಳೆದಳು, ಸೀಟು ಒರೆಸಿದಳು, ಹಳೆ ಸೀರೆಯನ್ನು ಹಿಂಡಿ ಡಿಕ್ಕಿಯಲ್ಲಿ ಹಾಕಿದಳು. ಉಟ್ಟ ಸೀರೆಯ ಮಡಿಲು ಪೂರ್ತಿ ಒದ್ದೆ, ಎಷ್ಟು ಉಜ್ಜಿದರೂ ಹುಳಿ ವಾಸನೆ ಹೋಗಲೊಲ್ಲದು. ಮಾಡಿದ ತಪ್ಪು ಮಾಡಿಯಾಗಿ ಹಗುರಾದ ಕೆಂಚ ಬಾಲ ಅಲ್ಲಾಡಿಸುತ್ತ ಹುಲ್ಲು ಮೂಸಿಕೊಂಡು ಓಡಾಡಿತು. “ಬೆಳಗ್ಗೆ ಏನಾರ ಆಕಿದ್ಯಾ?” ಎಂದ ಮಾದಸ್ವಾಮಿ. “ಇಲ್ಲಪ್ಪ” ಎಂದಳು. ನಲ್ಲಿಯ ಕೆಳಗೆ ಅನ್ನದ ಅಗುಳುಗಳು ಬಿದ್ದಿದ್ದವು. ಅವನು ಅವುಗಳನ್ನು ನೋಡಿದ, ಇವಳನ್ನು ನೋಡಿದ. “ಈ ಬಟ್ಟೇಲಿ ಬಾಣಂತಿ ಮನೇಗ್ ಎಂಗ್ ಓಗ್ತೀಯಕ್ಕ? ವಾಪಸ್ ತಿರುಗ್ಸ್ಲಾ? ಇನ್ನೊಂದಿನ ಓಗಾವ.” ಅವನು ಹೇಳಿದ್ದು ಸರಿ. ವಾಪಸ್ ಹೋದರೆ ಕೆಂಚ ಅವಳ ಹತ್ತಿರವೇ ಉಳಿಯುತ್ತದೆ, ಗೋಡೆಗೆ ಒರಗಿ ಮಲಗುತ್ತದೆ, ಸಂಜೆ ಬೀದಿಯವರು ನಗುತ್ತಾರೆ, ಎಲ್ಲ ಮೊದಲಿನ ಹಾಗೇ ಇರುತ್ತದೆ. ಆ ಹುಡುಗಿಯನ್ನು ನೋಡದೆ ಇರುವುದಕ್ಕೆ ಹೇಗೂ ರೂಢಿಯಾಗಿದೆ. ಹಾಗೆಂದುಕೊಂಡ ತಕ್ಷಣ ಅದು ಸುಳ್ಳು ಎಂದು ತಿಳಿಯಿತು. ರೂಢಿಯಾಗಿದ್ದರೆ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು. ಅವಳನ್ನು ನೋಡಬೇಕು. ಒಂದು ಸಲ, ಬಾಗಿಲಲ್ಲಿ ನಿಂತಾದರೂ ಸರಿ, ಈ ವಾಸನೆಯ ಸೀರೆಯಲ್ಲಾದರೂ ಸರಿ, ಕಣ್ತುಂಬ ನೋಡಬೇಕು. “ನಡಿಯಪ್ಪ” ಎಂದಳು. ಕೆಂಚ ಹತ್ತಲು ಒಲ್ಲೆ ಎಂದಿತು. ಅದನ್ನು ಎತ್ತಿ ಎದೆಗೆ ಅವುಚಿಕೊಂಡೇ ಒಳಗೆ ಕೂತಳು.

ಹೊನ್ನೂರಿನ ಮನೆಯ ಮುಂದೆ ತೆಂಗಿನಮರದ ನೆರಳಿತ್ತು. ಒಳಗಿನಿಂದ ಸಾಂಬ್ರಾಣಿಯ ಹೊಗೆ, ಬೆಳ್ಳುಳ್ಳಿ ಸುಟ್ಟ ವಾಸನೆ. ಪ್ರೇಮಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಕಣ್ಣು ನಿದ್ದೆಗೆಟ್ಟು ಊದಿಕೊಂಡಿತ್ತು. “ಬಾಕ್ಕ... ಅಯ್ಯೋ, ಏನಕ್ಕ ಇದು ವಾಸ್ನೆ?” “ನಾಯಿ ಕಕ್ಕಂಡ್ಬುಡ್ತು ಕಣವ್ವ ದಾರೀಲಿ.” “ಅಲ್ಲೇ ಕಾಲ್ ತೊಳ್ಕ. ಒಳೀಕೆ... ಮೊಗ ಅದೆ ಕಣಕ್ಕ, ಬ್ಯಾಸರ ಮಾಡ್ಕಬ್ಯಾಡ, ಜಗ್ಲೀಲೇ ಕೂತ್ಕ, ಒಂದ್ ಸೀರೆ ತತ್ತೀನಿ. ನಾಯ್ನ ಮರಕ್ಕೆ ಕಟ್ಟಾಕು.” ತಪ್ಪೇನಿಲ್ಲ. ಒಂದು ತಿಂಗಳ ಕೂಸಿರುವ ಮನೆಯಲ್ಲಿ ಯಾರಾದರೂ ಹೀಗೇ ಹೇಳುತ್ತಾರೆ, ತಾನಾದರೂ ಹೀಗೇ ಹೇಳುತ್ತಿದ್ದೆ. ಆದರೂ ಜಗಲಿಯ ಅಂಚಿನಲ್ಲಿ, ಎರಡು ಮಂಡಿ ಒತ್ತಿ ಹಿಡಿದು ಒದ್ದೆ ಮಡಿಲು ಮುಚ್ಚಿಕೊಂಡು ಕೂತಾಗ, ಹಾಲು ಹಾಕಲು ಬಂದವಳ ಹಾಗೆ ಆಯಿತು. ಕೆಂಚನನ್ನು ಕಟ್ಟಲು ಮನಸ್ಸಾಗದೆ ಹಗ್ಗವನ್ನು ಕೈಯಲ್ಲೇ ಹಿಡಿದುಕೊಂಡಳು. ಒಳಗೆ ತೊಟ್ಟಿಲ ಸರಪಳಿ ಕಿರ್ ಎನ್ನುತ್ತಿತ್ತು. ಅದು ನಿಂತಿತು. ಬರಿಗಾಲಿನ ಹೆಜ್ಜೆ. ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿಕೊಂಡು, ಮುಖ ದುಂಡಗಾಗಿ, ಹಣೆಗೆ ಸಾಂಬ್ರಾಣಿಯ ಬೂದಿ ಇಟ್ಟುಕೊಂಡು ಆಶಾ ಹೊಸ್ತಿಲಲ್ಲಿ ನಿಂತಿದ್ದಳು. “ಗಾಳೀಗ್ ಬರ್ಬ್ಯಾಡ ಕಣೇ” ಎಂದು ಒಳಗಿನಿಂದ ಪ್ರೇಮಾಳ ದನಿ ಬಂತು. ಆಶಾ ಕೇಳಿಸಿಕೊಳ್ಳಲಿಲ್ಲ. ಮಂಡಿಯೂರಿ ಕೂತು, “ಕೆಂಚಾ, ಬಾರೋ, ಕೆಂಚಾ” ಎಂದು ಕೈ ಚಾಚಿದಳು. ಶಿವರತ್ನಮ್ಮ ಹಗ್ಗ ಸಡಿಲ ಬಿಟ್ಟಳು. ಕೆಂಚ ಹೋಯಿತು. ಮಂಜು ಕವಿದ ಕಣ್ಣನ್ನು ಎತ್ತಿ ನೋಡಿತು. ಬೆರಳು ಮೂಸಿತು, ಅಂಗೈ ಮೂಸಿತು, ಹಾಲಿನ ವಾಸನೆಯ ಸೆರಗನ್ನು ಮೂಸಿತು. ಬೇರೆಯವರ ಮನೆಗೆ ಬಂದ ಮರ್ಯಾದಸ್ಥ ನೆಂಟರಂತೆ ಬಾಲವನ್ನು ಒಂದು ಸಲ ಆಡಿಸಿತು. ಆಮೇಲೆ ತಿರುಗಿ ಬಂದು ಶಿವರತ್ನಮ್ಮನ ಪಾದದ ಮೇಲೆ ಭಾರವಾಗಿ ಮಲಗಿಬಿಟ್ಟಿತು.

ಆ ಭಾರಕ್ಕೆ ಅವಳಿಗೆ ಒಂದು ಕ್ಷಣ ಸಂತೋಷವಾಯಿತು, ಸುಳ್ಳು ಯಾಕೆ ಹೇಳುವುದು. ಮರುಕ್ಷಣ ಆ ಹುಡುಗಿಯ ಚಾಚಿದ ಕೈ ಹಾಗೇ ಗಾಳಿಯಲ್ಲಿ ಇರುವುದು ಕಂಡಿತು. “ಕಣ್ಣು ಮಂಜಾಗದೆ ಕಣವ್ವ ಅದ್ಕೆ. ಮರ್ತಿಲ್ಲ. ಗುರ್ತು ಇಡೀತದೆ, ಒಂಚೂರು ಒತ್ತಾಯ್ತದೆ” ಎಂದು ಗಡಬಡಿಸಿದಳು. ಆಶಾ ನಾಯಿಯನ್ನೇ ನೋಡುತ್ತಿದ್ದಳು. ಅದರ ಜೋತುಬಿದ್ದ ಹೊಟ್ಟೆ, ಮಡಿಕೆ ಬಿದ್ದ ಕತ್ತು, ನುಣ್ಣಗೆ ಹೊಳೆಯುವ ಕೆಂಪು ರೋಮ. ಆಮೇಲೆ ಕಣ್ಣು ಮೇಲಕ್ಕೆ ಬಂತು. ಶಿವರತ್ನಮ್ಮ ಸೆರಗೆಳೆದುಕೊಂಡಳು. ನಲ್ಲಿಯ ಹತ್ತಿರ ಉಜ್ಜುವಾಗ ಭುಜದ ಪಿನ್ನು ಎಲ್ಲೋ ಬಿದ್ದುಹೋಗಿತ್ತು. ಹಸಿರು ರವಿಕೆ ತೋಳಿನಿಂದ ಜಾರಿ, ಕೊರಳ ಕೆಳಗಿನ ಮೂಳೆ ಎದ್ದು ಕಾಣುತ್ತಿತ್ತು. ಅದನ್ನು ಹುಡುಗಿ ನೋಡುತ್ತಿದ್ದಾಳೆ ಎಂದು ಅವಳಿಗೆ ಗೊತ್ತಾಯಿತು.

“ಉಣ್ತಾ ಇಲ್ಲ ಅಂದೆ.”

“ಊಂ.”

“ಇದಾ?”

ಶಿವರತ್ನಮ್ಮ ಹಗ್ಗದ ತುದಿಯ ನಾರನ್ನು ಬಿಡಿಸಿ, ಕುಚ್ಚಿಗೆ ಎಳೆ ಹಿಡಿಯುವ ಹಾಗೆ ಬೆರಳಲ್ಲಿ ಹೊಸೆದಳು. ಸಿಕ್ಕಿಬಿದ್ದೆ. ಈ ವಯಸ್ಸಿನಲ್ಲಿ, ಈ ವಾಸನೆಯಲ್ಲಿ, ತಂಗಿಯ ಮನೆಯ ಜಗಲಿಯಲ್ಲಿ. ಆಶಾ ಎದ್ದು ಒಳಗೆ ಹೋದಳು. ಹೋದಳು, ಅಷ್ಟೇ. ಇನ್ನು ಪ್ರೇಮಾ ಸೀರೆ ತಂದು ಕೊಡುತ್ತಾಳೆ, ಕಾಫಿ ಕೊಡುತ್ತಾಳೆ, ಮಗುವನ್ನು ದೂರದಿಂದ ತೋರಿಸುತ್ತಾಳೆ. ಒಳಗೆ ಅಮ್ಮ ಮಗಳು ತಗ್ಗಿದ ದನಿಯಲ್ಲಿ ಏನೋ ಅಂದುಕೊಂಡರು. “ನಿನ್ಗೇ ಅಂತ ಮಾಡಿರಾದು ಕಣೇ, ಮತ್ತೆ ನೀನೇನ್ ಉಣ್ತೀಯಾ?” ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಹೆಜ್ಜೆ ಮತ್ತೆ ಬಂತು. ಆಶಾ ಬಾಣಂತಿಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಶಿವರತ್ನಮ್ಮನ ಮುಂದೆ ಇಟ್ಟಳು. ಹಬೆಯಾಡುವ ಅನ್ನ, ಮೇಲೆ ಮೆಣಸು ಬೆಳ್ಳುಳ್ಳಿಯ ಸಾರು, ನಡುವೆ ತುಪ್ಪ.

“ಉಣ್ಣು.”

“ಬ್ಯಾಡ ಕಣವ್ವ, ನಿನ್ನೂಟ ಅದು. ನಾ ಉಂಡ್ಕಂಡೇ ಬಂದೆ.”

“ಉಂಡಿರೋರ ಥರ ಇಲ್ಲ ನೀನು.” ಆಶಾ ಹೊಸ್ತಿಲ ಮೇಲೆ ಕೂತೇಬಿಟ್ಟಳು. ಹೊಸ್ತಿಲ ಮೇಲೆ ಕೂರಬಾರದು, ಬಾಣಂತಿಯಂತೂ ಕೂರಲೇಬಾರದು. ಚಕ್ಕಂಬಕ್ಕಲ ಹಾಕಿಕೊಂಡಳು. “ತಟ್ಟೆ ತಳ ಕಾಣೋಗಂಟ ನಾನ್ ಏಳಾಕಿಲ್ಲ ದೊಡ್ಡವ್ವ. ಮೊಗ ಎದ್ದು ಅತ್ಕಳ್ಳಿ, ಅವ್ವ ಬಂದು ಬಯ್ಲಿ.”

ಕೈ ತೊಳೆದೇ ಬಂದಿದ್ದರೂ ಶಿವರತ್ನಮ್ಮ ಇನ್ನೊಂದು ಸಲ ಸೆರಗಿಗೆ ಒರೆಸಿಕೊಂಡಳು. ದೊಡ್ಡವ್ವ ಎಂದೇ ಅಂದಳು ಹುಡುಗಿ, ಅವ್ವ ಎಂದದ್ದು ಪ್ರೇಮಾಳನ್ನು. ಅದು ಹಾಗೇ ಇರುತ್ತದೆ, ಇನ್ನು ಬದಲಾಗುವುದಿಲ್ಲ. ತುತ್ತು ಕಲಸಿದಳು. ಬಾಯಿಗಿಟ್ಟಳು. ಕೆನ್ನೆಗೆ ಒತ್ತರಿಸಿ ಹಿಡಿದುಕೊಂಡಳು. ಆಶಾ ಕಣ್ಣು ತೆಗೆಯದೆ ನೋಡುತ್ತಿದ್ದಳು. ಶಿವರತ್ನಮ್ಮ ನುಂಗಿದಳು.

“ಈ ಕೆಂಚನ್ನ ವಾಪಸ್ ಕರ್ಕಂಡೋಗು” ಎಂದಳು ಆಶಾ. ದನಿ ಸ್ವಲ್ಪ ಒಡೆದಿತ್ತು. “ನಾನ್ಯಾರು ಅಂತ್ಲೇ ಗೊತ್ತಿಲ್ಲ ಅದ್ಕೆ. ನೀನಿಲ್ದೆ ಇಲ್ಲಿ ನಿಜವಾಗ್ಲೂ ಉಣ್ಣಾಕಿಲ್ಲ.” ಆಮೇಲೆ, ಮೂಗು ಒರೆಸಿಕೊಂಡು, “ಓಗೋಗಂಟ ಅದ್ಕೆ ಏನೂ ಆಕ್ಬ್ಯಾಡ ಮತ್ತೆ. ಬರೀ ಒಟ್ಟೇಲಿ ಕರ್ಕಂಡೋಗು” ಎಂದಳು. ಎಡಗೆನ್ನೆ ಗುಳಿಬಿತ್ತು.

ರಸ್ತೆಯಿಂದ ಮಾದಸ್ವಾಮಿ ಹಾರನ್ ಮಾಡಿದ. ಪ್ರೇಮಾ ಮಡಿಚಿದ ಸೀರೆ ಹಿಡಿದುಕೊಂಡು ಬಂದವಳು ಮಗಳ ಹಿಂದೆ ಗೋಡೆಗೆ ಒರಗಿ ನಿಂತಳು, ಹೊಸ್ತಿಲಿಂದ ಏಳು ಎಂದು ಹೇಳಲಿಲ್ಲ. ಒಳಗೆ ಮಗು ಎದ್ದು ಸಣ್ಣಗೆ ರಾಗ ಶುರುಮಾಡಿತು. “ಇರಣ್ಣೋ, ಉಣ್ತಾವ್ರೆ” ಎಂದು ಆಶಾ ಕೂತಲ್ಲಿಂದಲೇ ರಸ್ತೆಗೆ ಕೂಗಿದಳು. ಸಾರಿಗೆ ಉಪ್ಪು ಸಾಲದಾಗಿತ್ತು, ಹುಳಿಯೂ ಇರಲಿಲ್ಲ, ಬಾಣಂತಿಯ ಪಥ್ಯದ ಅಡುಗೆ. ಶಿವರತ್ನಮ್ಮ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಒಂದು ಅಗುಳೂ ಬಿಡದೆ ಉಂಡಳು.